ಮರಳುವ ದಾರಿ ಮೊದಲು



ವಸಂತನರಸಾಪುರ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಬಯಲುಸೀಮೆ. ಇಲ್ಲಿನ ಬಾವಿ, ಕೆರೆಗಳಲ್ಲಿ ಈಜು ಕಲಿತವರು ಕಡಲನ್ನೂ ಹಾಗೆಯೇ ಎಂದುಕೊಳ್ಳುವುದು ಸಹಜ. ಆದರೆ ಬಾವಿಯ ಮೆಟ್ಟಿಲು ಇದ್ದಲ್ಲೇ ಇರುತ್ತದೆ. ಕಡಲಿನಲ್ಲಿ ಇಳಿದ ಜಾಗಕ್ಕೇ ಮರಳಲು ಅಲೆ ಬಿಡಬೇಕು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಹಾಗಾದರೆ ಕಡಲಿನ ಆಳವನ್ನೇ ಬಲ್ಲವರು ನೀರಿಗೆ ಹೇಗೆ ಇಳಿಯುತ್ತಾರೆ?

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಸ್ಕೂಬಾ ಡೈವಿಂಗ್ ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಹೆಸರಾದದ್ದು ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ. ಅಲ್ಲಿಗೆ ದೋಣಿಯಲ್ಲಿ ಹೋಗುತ್ತಾರೆ. ಮೇಲೆ ಬಂದವರನ್ನು ಹತ್ತಿಸಿಕೊಳ್ಳಲು ದೋಣಿ ಕಾದಿರುತ್ತದೆ. ಹೊರದೇಶಗಳ ಅನೇಕ ಕಲ್ಲುದಡಗಳಲ್ಲಿ ದಡದಿಂದಲೇ ನಡೆದು ಇಳಿಯುವ ರೂಢಿಯೂ ಇದೆ. ಅಲ್ಲಿ ಕಾಯುವ ದೋಣಿಯಿಲ್ಲ. ಅಲೆ ಒಡೆಯುವ ಜಾಗವನ್ನು ಎರಡು ಸಲ ದಾಟಬೇಕು, ಎರಡನೆಯ ಸಲ ದಣಿದ ಮೈಯಲ್ಲಿ.

ಆದ್ದರಿಂದ ಅನುಭವಿಗಳು ಮೊದಲು ನೋಡುವುದು ಹೊರಬರುವ ಜಾಗವನ್ನು. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವಿರುತ್ತದೆ. ಅದನ್ನು ಅರಿಯಲು ದಡದಲ್ಲಿ ಬಹಳ ಹೊತ್ತು ನಿಂತು ನೋಡುತ್ತಾರೆ. ಅಲ್ಲಿ ಹತ್ತಲಾಗದಿದ್ದರೆ ಬೇರೆಲ್ಲಿ ಹತ್ತಬಹುದೆಂದು ಗುರುತಿಸಿಕೊಳ್ಳುತ್ತಾರೆ. ಜೊತೆಗಾರನಿಲ್ಲದೆ ಇಳಿಯುವುದಿಲ್ಲ. ಅನುಮಾನವಿದ್ದರೆ ಸಲಕರಣೆ ಕಳಚಿ ಮನೆಗೆ ಹೋಗುತ್ತಾರೆ.

ಆಳಕ್ಕೂ ಲೆಕ್ಕವಿದೆ. ಪ್ರತಿ 10 ಮೀಟರಿಗೆ ಒತ್ತಡ ಒಂದು ವಾಯುಭಾರದಷ್ಟು ಏರುತ್ತದೆ. 20 ಮೀಟರ್ ಆಳದಲ್ಲಿ ಸಿಲಿಂಡರಿನ ಗಾಳಿ ಮೇಲ್ಮೈಗಿಂತ ಮೂರು ಪಟ್ಟು ಬೇಗ ಖರ್ಚಾಗುತ್ತದೆ. ಆದಕಾರಣ ಮರಳುವುದಕ್ಕೆ ಬೇಕಾದ ಗಾಳಿಯನ್ನು ಮೊದಲೇ ಎತ್ತಿಡಬೇಕು. ಒತ್ತಡದಲ್ಲಿ ಸಾರಜನಕ ರಕ್ತದಲ್ಲಿ ಕರಗುತ್ತದೆ. ಅವಸರದಿಂದ ಮೇಲೇರಿದರೆ ಸೋಡಾ ಬಾಟಲಿ ತೆರೆದಂತೆ ಅದು ಗುಳ್ಳೆಗಳಾಗಿ ನರಗಳಿಗೂ ಅಪಾಯ ಮಾಡಬಲ್ಲದು.

ಈ ಲೆಕ್ಕ ದಡದಲ್ಲಿ ಮುಗಿಯುವುದಿಲ್ಲ. ಘಟ್ಟ ಹತ್ತಿದರೆ ಗಾಳಿಯ ಒತ್ತಡ ಇನ್ನೂ ತಗ್ಗುತ್ತದೆ. ವಿಮಾನ ಹತ್ತುವವರು ಒಂದು ಮುಳುಗಿನ ಬಳಿಕ ಕನಿಷ್ಠ 12 ಗಂಟೆ, ಹಲವು ಮುಳುಗುಗಳ ಬಳಿಕ 18 ಗಂಟೆ ಕಾಯಬೇಕೆಂಬುದು ತಜ್ಞರ ಸಲಹೆ. ನಮ್ಮಷ್ಟು ಎತ್ತರದ ಊರಿಗೆ ಮರಳುವವರಿಗೂ ಆ ಎಚ್ಚರ ಸಲ್ಲುತ್ತದೆ.

ನೀವು ಮುಂದೆಂದಾದರೂ ಈ ವಿದ್ಯೆ ಕಲಿಯಬಹುದು, ಕಲಿಯದೆಯೂ ಇರಬಹುದು. ಆದರೆ ಮುಂದಿನ ಪ್ರವಾಸದಲ್ಲಿ ಕಡಲಿಗೆ ಕಾಲಿಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ: ಎಲ್ಲಿಂದ ಹೊರಬರುತ್ತೇನೆ? ನನ್ನನ್ನು ಯಾರು ನೋಡುತ್ತಿದ್ದಾರೆ? ಉತ್ತರ ಸಿಗದಿದ್ದರೆ ಮರಳಿನ ಮೇಲೆಯೇ ನಿಲ್ಲಿ. ಕಡಲು ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ.