ತೂಕ ತಿಳಿದು ಬ್ರೇಕು ಕೊಳ್ಳಿ
(ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಮಾತನಾಡಲು ವಿದ್ವಾಂಸರನ್ನು ಕರೆಯುವುದು ವಾಡಿಕೆ. ನಾನು ವಿದ್ವಾಂಸನಲ್ಲ; ಹನ್ನೊಂದು ವರ್ಷ ಪಿಕಪ್ ಗಾಡಿ ಓಡಿಸಿ, ಈಗ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಳ್ಳುತ್ತಿರುವವನು. ಆದರೆ ನಮ್ಮಲ್ಲಿ ಗಾಡಿ ಓಡಿಸುವವರೂ ಇದ್ದಾರೆ, ಸಾಗಾಣಿಕೆ ಕಚೇರಿಗಳಲ್ಲಿ ಬಿಡಿಭಾಗಗಳ ಬಿಲ್ಲು ಪಾಸು ಮಾಡುವ ಗುಮಾಸ್ತರೂ ಇದ್ದಾರೆ. ನಾನು ಹೇಳುವ ವಿಷಯ ಇಬ್ಬರಿಗೂ ಬೇಕಾದದ್ದು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಒಂದು ರಾತ್ರಿ ಪುಣೆಯ ಕಡೆಯಿಂದ ಈರುಳ್ಳಿ ಹೇರಿಕೊಂಡು ವಾಶಿಯ ಮಾರುಕಟ್ಟೆಗೆ ಬರುತ್ತಿದ್ದೆ. ಅದೇ ವಾರ ಮುಂದಿನ ಚಕ್ರಗಳಿಗೆ ಹೊಸ ಪ್ಯಾಡು ಹಾಕಿಸಿದ್ದೆ. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರಿಲ್ಲ. ಬೆಲೆ ಮಾತ್ರ ಕಡಿಮೆ. ಡಿಸ್ಕಿನಲ್ಲಿ ಗೀರು ಬಿದ್ದಿದ್ದರೂ "ಇನ್ನೊಂದು ವರ್ಷ ನಡೆಯುತ್ತದೆ" ಎಂದುಕೊಂಡೆ. ಖಂಡಾಳ ಘಾಟಿಯ ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಪೆಡಲು ಕಲ್ಲಿನಂತೆ ಗಟ್ಟಿ, ಆದರೆ ಗಾಡಿ ನಿಲ್ಲದು. ಗೇರು ಇಳಿಸಿ, ಕೈಬ್ರೇಕು ಎಳೆದು, ಗುಡ್ಡದ ಕಡೆಯ ಗೋಡೆಗೆ ಉಜ್ಜಿಸಿ ನಿಲ್ಲಿಸಿದೆ. ಪಕ್ಕದಲ್ಲಿ ಕುಳಿತಿದ್ದ ಕ್ಲೀನರ್ ಹುಡುಗ ನಮ್ಮೂರಿನವನೇ. ಅವನ ಮೊಣಕೈಯ ಕಲೆ ಇಂದಿಗೂ ಮಾಸಿಲ್ಲ. ನಾನು ಉಳಿಸಿದ್ದು ಕೆಲವು ನೂರು ರೂಪಾಯಿ.

ಹಾಗೇಕಾಯಿತು? ಬ್ರೇಕು ಮಾಡುವ ಕೆಲಸವೆಂದರೆ ಗಾಡಿಯ ಓಟವನ್ನು ಕಾವಾಗಿ ಮಾರ್ಪಡಿಸುವುದು. ಸರಕೂ ಸೇರಿ 3 ಟನ್ ತೂಗುವ ಗಾಡಿ 500 ಮೀಟರ್ ಎತ್ತರದಿಂದ ಇಳಿಯುವಾಗ ಬ್ರೇಕೊಂದರಿಂದಲೇ ಅದನ್ನು ಹಿಡಿದರೆ, 40 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು ಕಾವು ಹುಟ್ಟುತ್ತದೆ. ಅಷ್ಟನ್ನೂ ಹೊರಬೇಕಾದವು ಕೆಲವು ತುಂಡು ಪ್ಯಾಡು, ಎರಡು ಬೀಡುಕಬ್ಬಿಣದ ಡಿಸ್ಕು, ಹಿಂದಿನ ಎರಡು ಡ್ರಮ್ಮು. ಕಾವು ಮಿತಿ ಮೀರಿದರೆ ಕೀಳು ಪ್ಯಾಡು ಹಿಡಿತ ಬಿಡುತ್ತದೆ. ಆಗ ಪೆಡಲು ಗಟ್ಟಿಯಾಗಿಯೇ ಇರುತ್ತದೆ. ಪೆಡಲು ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ಎಣ್ಣೆ ಕುದಿದು ಆವಿಯಾಗಿರಬಹುದು, ಇಲ್ಲವೆ ಎಲ್ಲೋ ಸೋರಿರಬಹುದು. ಈ ಭೇದವನ್ನು ನೆನಪಿಡಿ.

ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಬ್ರೇಕಿನ ಲೈನರು ತಯಾರಿಸಲು ತೊಡಗಿದ. ಡರ್ಬಿಶೈರಿನ ಗುಡ್ಡ ಇಳಿಯುವಾಗ ಕುದುರೆಗಾಡಿಯವರು ಬ್ರೇಕಿನ ಕಟ್ಟೆಗೆ ಹಳೆಯ ಬೂಟು ತೊಡಿಸುವುದನ್ನು ನೋಡಿಯೇ ಅವನಿಗೆ ಆ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಪ್ಯಾಡು ಎಂದರೆ ಸವೆಯಲೆಂದೇ ಹಾಕುವ ಪಾದರಕ್ಷೆ. ಆದರೆ ಮದುವೆಮನೆಯ ಚಪ್ಪಲಿ ಹೊಲಕ್ಕೆ ಆಗುವುದೇ?

ಪ್ಯಾಡಿನಲ್ಲಿ ಮುಖ್ಯವಾಗಿ ಮೂರು ಜಾತಿ. ನಾರು ಮತ್ತು ರಾಳದ್ದು ಮೆತ್ತಗೆ, ಸದ್ದಿಲ್ಲ. ಹಗುರ ಗಾಡಿಗೆ, ಊರೊಳಗಿನ ಓಡಾಟಕ್ಕೆ ಸಾಕು. ಕಬ್ಬಿಣದ ಪುಡಿ, ಉಕ್ಕಿನ ನಾರು ಬೆರೆಸಿದ ಅರೆಲೋಹದ ಪ್ಯಾಡು ಕಾವನ್ನು ಚೆನ್ನಾಗಿ ತಾಳುತ್ತದೆ. ತುಸು ಸದ್ದು ಮಾಡುತ್ತದೆ, ಡಿಸ್ಕನ್ನೂ ಹೆಚ್ಚು ತಿನ್ನುತ್ತದೆ. ಭಾರ ಹೊತ್ತು ಘಾಟಿ ಇಳಿಯುವ ಗಾಡಿಗೆ ಇದೇ ಸರಿ. ಸೆರಾಮಿಕ್ ಪ್ಯಾಡಿಗೆ ಧೂಳು ಕಡಿಮೆ, ಬೆಲೆ ಹೆಚ್ಚು. ಅದು ಕಾರಿನ ಸುಖಕ್ಕೆ ಹೇಳಿದ್ದು. ಯಾವುದೇ ಆಗಲಿ, ತಯಾರಕರ ಹೆಸರು, ನಿಮ್ಮ ಗಾಡಿಯ ಮಾದರಿ, ತಂಡದ ಸಂಖ್ಯೆ ಇಲ್ಲದ ಪೊಟ್ಟಣವನ್ನು ಮುಟ್ಟಬೇಡಿ. ಹಿಂದೆ ಲೈನರುಗಳಲ್ಲಿ ಕಲ್ನಾರು ಬೆರೆಸುತ್ತಿದ್ದರು. ಅದರ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಆದುದರಿಂದ ಬ್ರೇಕಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ.

ಇನ್ನು ಡಿಸ್ಕಿನ ಮಾತು. ಪುಸ್ತಕದಲ್ಲಿ ಇದನ್ನೇ ರೋಟರು ಎನ್ನುತ್ತಾರೆ. ಅದರ ಅಂಚಿನಲ್ಲೋ ನಡುಬಟ್ಟಲಿನಲ್ಲೋ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಮೈಕ್ರೋಮೀಟರಿನಿಂದ ಸವೆದ ಜಾಗದಲ್ಲೇ ಅಳೆಯಿರಿ. ಹೊರಅಂಚಿನ ದಿಂಡು ಸವೆದಿರುವುದಿಲ್ಲ, ಅಲ್ಲಿ ಅಳೆದರೆ ಮೋಸ. ಕನಿಷ್ಠಕ್ಕಿಂತ ತೆಳುವಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಎರಡನೆಯ ಯೋಚನೆ ಬೇಡ, ಬದಲಾಯಿಸಿ. ಗೀರಿದ್ದು ದಪ್ಪ ಸಾಕಷ್ಟಿದ್ದರೆ ಲೇತಿಗೆ ಹಾಕಿಸಬಹುದು. ತಿರುವಿದ ಮೇಲೂ ದಪ್ಪ ಉಳಿಯಬೇಕು. ನಡುವೆ ಗಾಳಿಕಿಂಡಿ ಇರುವ ಡಿಸ್ಕಿನ ಜಾಗಕ್ಕೆ ಗಟ್ಟಿ ಡಿಸ್ಕು ಹಾಕಿಸಬೇಡಿ. ಚೆಂದಕ್ಕೆ ತೂತು ಕೊರೆದವೂ ಬೇಡ. ಭಾರದ ಕಾವಿಗೆ ತೂತಿನ ಸುತ್ತ ಬಿರುಕು ಹುಟ್ಟಬಹುದು.

ಪ್ಯಾಡಿನ ಲೈನಿಂಗು 3 ಮಿಲಿಮೀಟರಿಗೆ ಇಳಿಯುವ ಮೊದಲೇ ಬದಲಾಯಿಸಿ. ಎಡ ಬಲ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹೊಸ ಡಿಸ್ಕಿಗೆ ಹಳೆಯ ಪ್ಯಾಡು ಹಾಕಬೇಡಿ. ಹಬ್ಬಿನ ತುಕ್ಕನ್ನು ಉಜ್ಜಿ, ಡಿಸ್ಕಿಗೆ ಸವರಿದ ಎಣ್ಣೆಯನ್ನು ತೊಳೆದು ಕೂಡಿಸಿ. ಕ್ಯಾಲಿಪರಿನ ಪಿನ್ನು ಸರಾಗವಾಗಿ ಜಾರಬೇಕು. ಹಿಂದಿನ ಡ್ರಮ್ಮು ಸಡಿಲವಿದ್ದರೆ ಮುಂದಿನದಕ್ಕೆ ಇಮ್ಮಡಿ ಶ್ರಮ, ಅದನ್ನೂ ನೋಡಿಸಿ. ಬ್ರೇಕ್ ಎಣ್ಣೆ ನೀರನ್ನು ಹೀರುತ್ತದೆ. ಡಾಟ್ 4 ಎಣ್ಣೆ ಹೊಸದಿದ್ದಾಗ 230 ಡಿಗ್ರಿಗೂ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು.

ಹೊಸ ಪ್ಯಾಡು ಹಾಕಿದ ಕೂಡಲೇ, ಗಾಡಿ ಕದಲುವ ಮುನ್ನ, ಪೆಡಲು ಗಟ್ಟಿಯಾಗುವವರೆಗೆ ತುಳಿಯಿರಿ. ಮೊದಲ ತುಳಿತಕ್ಕೆ ಅದು ನೆಲಕ್ಕೇ ಹೋಗಬಹುದು. ಬಳಿಕ ಖಾಲಿ ಗಾಡಿಯನ್ನು ನಿರ್ಜನ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 15ಕ್ಕೆ ಇಳಿಸುತ್ತ, ನಡುನಡುವೆ ಆರಲು ಬಿಟ್ಟು, ಇಪ್ಪತ್ತು ಸಾರಿ ಮೆಲ್ಲಗೆ ಹಿಡಿಯಿರಿ. ಆಮೇಲೆ ಭಾರ ಹೇರಿ. ಎಷ್ಟೇ ಒಳ್ಳೆಯ ಪ್ಯಾಡಿದ್ದರೂ ಘಾಟಿಯನ್ನು ಕೆಳ ಗೇರಿನಲ್ಲೇ ಇಳಿಯಿರಿ.

ಕೊನೆಗೆ ಗುಮಾಸ್ತ ಮಿತ್ರರಿಗೆ ಒಂದು ಬಿನ್ನಹ. ಮೂರು ದರಪಟ್ಟಿ ಮುಂದಿಟ್ಟುಕೊಂಡು ಅಗ್ಗದ್ದಕ್ಕೆ ಗುರುತು ಹಾಕುವುದು ನಿಮಗೆ ಕಲಿಸಿದ ಪಾಠ. ಬ್ರೇಕಿನ ಕಾಗದ ಬಂದಾಗ ಮಾತ್ರ ಒಂದು ಪ್ರಶ್ನೆ ಕೇಳಿ: ಈ ಗಾಡಿ ಎಷ್ಟು ತೂಕ ಹೊತ್ತು ಎಲ್ಲಿಂದ ಇಳಿಯುತ್ತದೆ? ಮಾಲೀಕರು ಹುಬ್ಬು ಗಂಟಿಕ್ಕಿದರೆ, ಈ ಉತ್ತರವನ್ನೇ ಅವರ ಮುಂದಿಡಿ. ಚಾಲಕ ಬಂಧುಗಳೇ, ನೀವೂ ಸಂಕೋಚ ಬಿಟ್ಟು "ಈ ಪ್ಯಾಡು ಬೇಡ" ಎಂದು ಹೇಳುವುದನ್ನು ಕಲಿಯಿರಿ. ನಾನು ಅಂದು ಹೇಳಲಿಲ್ಲ. ನಿಮ್ಮ ಪಕ್ಕದಲ್ಲಿ ಕೂರುವ ಹುಡುಗನೂ ಯಾರದೋ ಮನೆಯ ಮಗ.