ಒಡೆದ ಕೈಕಾಲಿಗೆ ಮುಲಾಮು: ಯಾವಾಗ, ಹೆಂಗ?
(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾತು)



ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲದಾಗ ಕಡ್ಲಿ ಕಿತ್ತವರ ಕೈ ನೋಡಿದರ ಸಾಕು, ಹೇಳೂದು ಬ್ಯಾಡ. ಕಡ್ಲಿ ಗಿಡದ ಹುಳಿ ಚರ್ಮವನ್ನು ಉರಿಸುತ್ತದೆ, ಒಣ ಮಣ್ಣು ಚರ್ಮದ ಜಿಡ್ಡನ್ನು ಹೀರುತ್ತದೆ. ಕುಂದಗೋಳದ ಕಡೆ ಮೆಣಸಿನಕಾಯಿ ಹರಿಯುವಾಗ ಆ ಸೀಳಿನೊಳಗ ಖಾರ ಇಳಿದರ ರಾತ್ರಿ ನಿದ್ದಿ ಇಲ್ಲ, ಮರುದಿನದ ಕೂಲಿನೂ ಇಲ್ಲ.

ಒಂದು ಮಾತು ತಿಳಕೊಳ್ರಿ. ಗಾಯ ಮಾಯಿಸೋದು ಮುಲಾಮು ಅಲ್ಲ, ನಮ್ಮ ಚರ್ಮಾನ. ಚರ್ಮದಾಗಿನ ನೀರು ಆರಿಹೋಗದಂತೆ ಮುಚ್ಚಳದ ಹಾಗೆ ಕಾಯುವುದಷ್ಟೇ ಮುಲಾಮಿನ ಕೆಲಸ. ಅದಕ್ಕಾಗಿ ಒಣ ಹಿಮ್ಮಡಕ್ಕೆ ಎಷ್ಟು ತಿಕ್ಕಿದರೂ ಲಾಭ ಕಡಿಮೆ. ರಾತ್ರಿ ಉಗುರುಬೆಚ್ಚಗಿನ ನೀರಾಗ ಹತ್ತು ನಿಮಿಷ ಕಾಲಿಟ್ಟು, ಮೆಲ್ಲಗೆ ಒರೆಸಿ, ಇನ್ನೂ ಹಸಿ ಇರುವಾಗಲೇ ಹಚ್ಚಿರಿ. ಮೇಲೆ ಹಳೆಯ ಹತ್ತಿ ಕಾಲುಚೀಲ ಹಾಕಿ ಮಲಗ್ರಿ. ಬಟ್ಟೆ ಸಾಬೂನಿನಿಂದ ಕೈ ತೊಳೆಯುವ ರೂಢಿ ಬಿಡ್ರಿ. ಬ್ಲೇಡಿನಿಂದ ಹಿಮ್ಮಡ ಕೆರೆಯಬೇಡಿ.

ದುಬಾರಿ ಡಬ್ಬಿ ಬೇಕಾಗಿಲ್ಲ. ನಾವು ವ್ಯಾಸಲಿನ್ ಅನ್ನುತ್ತೇವಲ್ಲ, ಅದು ಹುಟ್ಟಿದ್ದೇ ಕೂಲಿಕಾರರಿಂದ. ಅಮೆರಿಕದ ಎಣ್ಣೆ ಬಾವಿಗಳಲ್ಲಿ ಯಂತ್ರಕ್ಕೆ ಅಂಟುತ್ತಿದ್ದ ಜಿಗುಟನ್ನು ಕೆಲಸಗಾರರು ಗಾಯಕ್ಕೆ ಹಚ್ಚಿಕೊಳ್ಳುತ್ತಿದ್ದರು. ಅದನ್ನೇ ಶುದ್ಧಮಾಡಿ ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ಪೇಟೆಂಟ್ ಪಡೆದ. ಮನ್ಯಾಗ ಮಾಡೋದಾದರ 4 ಪಾಲು ಕುಸುಬಿ ಎಣ್ಣಿ, 1 ಪಾಲು ಜೇನುಮೇಣ. ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಒಣಗಿದ ಡಬ್ಬಿಗೆ ಸುರಿಯಿರಿ. ನೀರಿನ ಹನಿ ಬೀಳಬಾರದು. ಸಂಘದಿಂದ ಮಾರಬೇಕೆಂದರೆ ಮಾತ್ರ ಲೈಸೆನ್ಸ್ ಬೇಕು, ಅದನ್ನು ಮೊದಲು ವಿಚಾರಿಸ್ರಿ.

ರೊಟ್ಟಿ ಹಂಚು ತಾಗಿ ಸುಟ್ಟರೆ ಮುಲಾಮು, ತುಪ್ಪ, ಟೂತ್‌ಪೇಸ್ಟ್ ಯಾವುದೂ ಆಗ ಬೇಡ. 20 ನಿಮಿಷ ತಣ್ಣೀರು ಹರಿಯಲಿ. ಜಿಡ್ಡು ಹಚ್ಚಿದರೆ ಕಾವು ಒಳಗೇ ಉಳಿಯುತ್ತದೆ.

ಇನ್ನು ತುರಿಕೆಗೆ, ಮುಖ ಬೆಳ್ಳಗಾಗಲು ಅಂತ ಅಂಗಡಿಯಲ್ಲಿ ಕೊಡುವ ಟ್ಯೂಬು. ನನಗೆ ಹೆಚ್ಚು ಹೆದರಿಕೆ ಇದರದ್ದೇ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಎಂದು ಬರೆದಿದ್ದರೆ ಅದು ಸ್ಟಿರಾಯ್ಡ್. ನಾಲ್ಕು ದಿನ ಹಿತ ಅನಿಸುತ್ತದೆ. ಸುಮ್ಮನೆ ಹಚ್ಚುತ್ತ ಹೋದರೆ ಚರ್ಮ ತೆಳ್ಳಗಾಗಿ, ಹುಳುಕಡ್ಡಿ ಮೈತುಂಬ ಹಬ್ಬುತ್ತದೆ. ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶಿಸಿದೆ. ಅಂಗಡಿಯವರು ಕೊಟ್ಟರೂ ನೀವು ತಗೋಬ್ಯಾಡ್ರಿ.

ಸಕ್ಕರಿ ಕಾಯಿಲೆ ಇದ್ದ ಕೆಲವರಿಗೆ ಕಾಲಿನ ಸೀಳು ನೋಯುವುದೇ ಇಲ್ಲ, ಒಳಗ ಕೀವು ತುಂಬಿದರೂ ಗೊತ್ತಾಗದೆ ಇರಬಹುದು. ಮನ್ಯಾಗ ಅಂಥ ಅತ್ತಿ, ಅವ್ವ ಇದ್ದರ ದಿನಾ ಸಂಜೀಕ ಅವರ ಅಂಗಾಲು ನೀವೇ ನೋಡ್ರಿ. ಕೆಂಪಗಿದ್ದರ, ಬಾತಿದ್ದರ, ವಾಸನೆ ಬಂದರ ಮುಲಾಮು ಹಚ್ಚುತ್ತ ಕೂಡದೆ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರಕೊಂಡು ಹೋಗ್ರಿ.