ಪೋಲೀಸರೂ ಪ್ರಜೆಗಳೂ



ನಂದಿದುರ್ಗವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಬೆಟ್ಟ. ಕೋಲಾರದ ಚಿನ್ನದ ಗಣಿಯವರಿಗಾದರೋ ಅದು ಒಂದು ಗಣಿಯ ಹೆಸರು. ಬೆಟ್ಟವೆಲ್ಲಿ, ಗಣಿಯೆಲ್ಲಿ! ಆಂಗ್ಲ ಕಂಪೆನಿಯವರು ದೂರದ ಬೆಟ್ಟದ ಹೆಸರನ್ನು ತಂದು ನೆಲದೊಳಗಿನ ಸುರಂಗಕ್ಕಿಟ್ಟರು. ಈ ಹೊತ್ತು ನಾನು ಆಡಬೇಕೆಂದಿರುವ ಮಾತು ಆ ಎರಡು ಸೀಮೆಗಳಿಗೂ ಸೇರಿದ್ದು. ಪೋಲೀಸರ ಮೇಲೆ ದೂರು ಬಂದರೆ ಅದನ್ನು ವಿಚಾರಿಸತಕ್ಕವರು ಯಾರು?

ಗಣಿ ಪ್ರದೇಶದ ಪೋಲೀಸು ವ್ಯವಸ್ಥೆ ಬೆಳೆದುದು ಮುಖ್ಯವಾಗಿ ಚಿನ್ನದ ಕಾವಲಿಗಾಗಿ. ಆ ಕಾಲದ ಗಣಿ ಕಾಯಿದೆ ಎಷ್ಟು ಬಿಗಿಯಾಗಿತ್ತೆಂದರೆ, ಚಿನ್ನದ ಅಂಶವುಳ್ಳ ವಸ್ತು ಒಬ್ಬನ ಬಳಿ ಸಿಕ್ಕರೆ ಅದು ತನಗೆ ನ್ಯಾಯವಾಗಿ ಬಂದುದೆಂದು ಅವನೇ ತೋರಿಸಿಕೊಡಬೇಕಾಗಿತ್ತು. 1930ರಲ್ಲಿ ಬೆರಳಚ್ಚು ತೆಗೆಯುವ ಏರ್ಪಾಡು ಬಂದಾಗ ಕೆಲಸಗಾರರು ಮುಷ್ಕರ ಹೂಡಿದರು. ತಾವು ಕಳ್ಳರಲ್ಲವೆಂಬುದೇ ಅವರ ಅಳಲು. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದವು; ಆದರೆ ಗಣಿಗಾಗಿ ಹುಟ್ಟಿದ ಪ್ರತ್ಯೇಕ ಪೋಲೀಸು ಜಿಲ್ಲೆ ಉಳಿದುಕೊಂಡಿತು. ಕೋಲಾರದಲ್ಲೊಬ್ಬ ಸೂಪರಿಂಟೆಂಡೆಂಟರು, ಕೆ.ಜಿ.ಎಫ್.ನಲ್ಲಿ ಮತ್ತೊಬ್ಬರು. ಬಂಗಾರಪೇಟೆಯೂ ಈ ಎರಡನೆಯವರ ಆಡಳಿತಕ್ಕೆ ಸೇರಿದ್ದು. ಚಿನ್ನ ಹೋದ ಮೇಲೆ ಕಾಯಬೇಕಾದದ್ದು ಜನರನ್ನಷ್ಟೇ.

ಇನ್ನು ಬೆಟ್ಟದ ಕಡೆಯ ಮಾತು. ನಂದಿಯ ಉತ್ತರಕ್ಕೆ, ಗೌರಿಬಿದನೂರಿನ ಬಳಿ ವಿದುರಾಶ್ವತ್ಥವಿದೆ. ಅಲ್ಲಿ 1938ರ ಏಪ್ರಿಲ್ 25ರಂದು, ನಿಷೇಧವನ್ನು ಮೀರಿ ಧ್ವಜವೇರಿಸಲು ನೆರೆದ ಜನರ ಮೇಲೆ ಗುಂಡು ಹಾರಿತು. ಮಡಿದವರು ಸರ್ಕಾರದ ಲೆಕ್ಕದಲ್ಲಿ 10 ಮಂದಿ, ಜನರ ಲೆಕ್ಕದಲ್ಲಿ 32. ಹೆಣಗಳ ಎಣಿಕೆಯಲ್ಲಿಯೇ ಇಷ್ಟು ಅಂತರ ಬಿದ್ದ ಮೇಲೆ ತಪ್ಪು ಯಾರದೆಂಬ ವಿಷಯದಲ್ಲಿ ಸರ್ಕಾರದವರ ಮಾತನ್ನು ಜನ ನಂಬುವುದೆಂತು? ಸಂಸ್ಥಾನದವರು ಇದನ್ನು ಅರಿಯದೆ ಇರಲಿಲ್ಲ. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಸರ್ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿದರು. ಅದಕ್ಕೆ ಹತ್ತು ವರ್ಷ ಹಿಂದೆ, 1928ರಲ್ಲಿ, ಬೆಂಗಳೂರಿನ ಸುಲ್ತಾನ್‌ಪೇಟೆಯ ಗಣಪತಿಯ ಗಲಭೆಯಾದಾಗಲೂ ವಿಚಾರಣೆ ಸರ್ ಎಂ. ವಿಶ್ವೇಶ್ವರಯ್ಯನವರ ಸಮಿತಿಗೆ ಬಂದಿತು. ಇಂತಹ ಸಮಿತಿಗಳ ತೀರ್ಮಾನವನ್ನು ಎಲ್ಲರೂ ಒಪ್ಪಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಹೊರಗಿನ ಕಿವಿಯೊಂದು ಬೇಕೆಂಬ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ.

ಆಗ ಅದು ರಕ್ತ ಹರಿದ ಮೇಲೆ, ದಿವಾನರ ಮನಸ್ಸು ಬಂದರೆ, ನೇಮಕವಾಗುತ್ತಿದ್ದ ಸಮಿತಿ. ಅದನ್ನು ಕಾಯಂ ಮಾಡುವ ಆಜ್ಞೆ ಬಂದದ್ದು 2006ರ ಸೆಪ್ಟೆಂಬರ್ 22ರಂದು, ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ. ರಾಜ್ಯಕ್ಕೊಂದು, ಜಿಲ್ಲೆಗೊಂದು ಪೋಲೀಸು ದೂರು ಪ್ರಾಧಿಕಾರವಿರಲಿ, ನಿವೃತ್ತ ನ್ಯಾಯಾಧೀಶರು ಅಧ್ಯಕ್ಷರಾಗಿರಲಿ ಎಂದು ಸುಪ್ರೀಂ ಕೋರ್ಟು ವಿಧಿಸಿತು. ಕರ್ನಾಟಕವು 2012ರಲ್ಲಿ ಪೋಲೀಸು ಕಾಯಿದೆಯನ್ನು ತಿದ್ದಿ ಇವನ್ನು ಸೇರಿಸಿತು. ಆದರೆ ಜಿಲ್ಲೆಯ ಪ್ರಾಧಿಕಾರದಲ್ಲಿ ಸೇವೆಯಲ್ಲಿರುವ ಅಧಿಕಾರಿಗಳಿಗೂ ಸ್ಥಾನವಿತ್ತರು. ಬೇಲಿಯೇ ಹೊಲ ಮೇಯ್ದಿತೆಂಬ ದೂರನ್ನು ಬೇಲಿಯ ನೆಂಟರ ಮುಂದೆ ಹೇಳಿಕೊಳ್ಳುವಂತಾಯಿತು.

ಹೊರಗಿನವರ ವಿಚಾರಣೆಯಿಂದ ಪೋಲೀಸರ ಧೈರ್ಯ ಕುಂದುತ್ತದೆಂದು ಕೆಲವರು ವಾದಿಸುತ್ತಾರೆ. ಹಗಲಿರುಳು ದುಡಿಯುವ ಪೇದೆಯ ಕಷ್ಟವನ್ನು ಬಲ್ಲೆ. ಸುಳ್ಳು ದೂರುಗಳೂ ಉಂಟು. ಆದರೆ ನಿರಪರಾಧಿಯಾದ ಪೇದೆಗೆ ತನ್ನ ಇಲಾಖೆಯೇ ಕೊಟ್ಟ ಖುಲಾಸೆಯನ್ನು ಊರು ನಂಬುವುದಿಲ್ಲ. ಹೊರಗಿನವರು ಕೊಟ್ಟುದಾದರೆ ನಂಬೀತು.

ನನ್ನ ವಿದ್ಯಾರ್ಥಿಯೊಬ್ಬನ ತಂದೆ ಸಣ್ಣ ಅಂಗಡಿಯವರು. ಒಂದೂರಿನ ಠಾಣೆಯಲ್ಲಿ, ವಿಚಾರಿಸುವ ಮೊದಲೇ, ಅವರ ಕೆನ್ನೆಗೆ ಹೊಡೆದಿದ್ದರು. ಮಗನ ಒತ್ತಾಯಕ್ಕೆ ನನ್ನ ಮನೆಗೆ ಬಂದರು. ಇಬ್ಬರೂ ಕುಳಿತು ಅರ್ಜಿ ಬರೆದೆವು: ದಿನ, ಗಳಿಗೆ, ಕಂಡವರ ಹೆಸರು. ವಿಳಾಸದ ಸಾಲಿಗೆ ಬಂದಾಗ ಲೇಖನಿ ನಿಂತಿತು. ಠಾಣೆಯ ಹಲಗೆಯ ಮೇಲೆ ಮೇಲಧಿಕಾರಿಗಳ ಹೆಸರುಗಳಿದ್ದವಂತೆ. ಪ್ರಾಧಿಕಾರದ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. ನಾನು ಹುಡುಕಿ ಬರೆದುಕೊಟ್ಟೆ. ಅವರು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, “ನಾಳೆ ಬೆಳಿಗ್ಗೆ ಅದೇ ಠಾಣೆಯ ಎದುರು ಅಂಗಡಿ ತೆಗೆಯಬೇಕಲ್ಲ ಸ್ವಾಮಿ” ಎಂದರು. ಅರ್ಜಿಯನ್ನು ಅಂಚೆಗೆ ಹಾಕಿದರೋ ಇಲ್ಲವೋ ಎಂದು ನಾನು ಮತ್ತೆ ಕೇಳಲಿಲ್ಲ.